ಚೀಟಿ ಕಿತ್ತ ಸೀಸೆಗಳು

ನುಡಿ ಹುಟ್ಟುವ ಮುನ್ನವೇ ಅರ್ಥವಾಗಿದ್ದ ಪರಮಾತ್ಮನೇ, ಸಿಂಹಾಸನದ ಮಣಿಗೂ ಬಚ್ಚಲ ಮೂಲೆಗೂ ಒಂದೇ ಬೆಳಕನ್ನು ಹಂಚಿದವನೇ, ಮಂಡಿಯೂರಿ ನೆಲ ತಿಕ್ಕುವ ಇಬ್ಬರು ಹೆಂಗಸರ, ಒಬ್ಬ ಅತ್ತಿಗೆ ಮತ್ತು ಅವಳ ನಾದಿನಿಯ, ಕಥೆಗೆ ತೊಡಗಿದ್ದೇನೆ. ಅವರ ಮಾತನ್ನು ನಯಗೊಳಿಸುವ ಆಸೆ ಈ ಲೇಖನಿಗೆ ಬಾರದಂತೆ ಕಾಯಿ.

"ಮೂಗು ಸತ್ತಿದೆಯೇನೇ ಮುಂಡೆ? ಬಚ್ಚಲು ಗಬ್ಬು ನಾರ್ತಿದೆ. ನೆಂಟರು ಬರೋ ಹೊತ್ತಾಯ್ತು. ಇನ್ನೊಂದು ಸಲ ತಿಕ್ಕು."

ಅತ್ತಿಗೆ ತಲೆಯೆತ್ತಲಿಲ್ಲ. ಒಡತಿ ಬೈಗುಳವಾಗಿ ಆಡಿದ್ದು ಅಕ್ಷರಶಃ ನಿಜವಾಗಿತ್ತು. ಹದಿನಾಲ್ಕು ವರ್ಷ ಪರರ ಬಚ್ಚಲುಗಳನ್ನು ತೊಳೆದು ಅವಳ ಘ್ರಾಣಶಕ್ತಿ ಮೊದಲು ಮಂದವಾಗಿ, ಕಳೆದ ಬೇಸಿಗೆಯಲ್ಲಿ ಪೂರ್ತಿ ಆರಿಹೋಗಿತ್ತು. ಮಗ್ಗುಲಲ್ಲೇ ಹಾಲು ಸೀದರೂ ತಿಳಿಯುತ್ತಿರಲಿಲ್ಲ. ಇದನ್ನು ಬಲ್ಲವಳು, ಅದೇ ಮನೆಯಲ್ಲಿ ಜೊತೆಗೆ ದುಡಿಯುತ್ತಿದ್ದ ಅವಳ ನಾದಿನಿಯೊಬ್ಬಳೇ. ಮೂಗಿಲ್ಲದ ಆಳನ್ನು ಯಾರು ಇಟ್ಟುಕೊಳ್ಳುತ್ತಾರೆ?

ಏಕೆಂದರೆ ಆ ಮನೆಯಲ್ಲಿ ಮೂಗೇ ಕಣ್ಣು. ಅಂಗಡಿಯ ಡಬ್ಬಗಳ ಬಣ್ಣದ ಚೀಟಿಗಳು ಬಚ್ಚಲಿನ ಅಂದ ಕೆಡಿಸುತ್ತವೆಂದು ಒಡತಿ ಎಲ್ಲ ದ್ರವಗಳನ್ನೂ ಒಂದೇ ಅಚ್ಚಿನ ಹಾಲುಬಿಳುಪಿನ ಸೀಸೆಗಳಿಗೆ ಸುರಿಸಿ, ಡಬ್ಬಗಳನ್ನು ಬಿಸಾಡಿಸುತ್ತಿದ್ದಳು. ಆಸಿಡ್, ಬ್ಲೀಚು, ಸಾಬೂನು ನೀರು ಮೂರೂ ಒಂದೇ ಬಸಿರಿನ ಮಕ್ಕಳಂತೆ ಸಾಲಾಗಿ ನಿಂತಿರುತ್ತಿದ್ದವು. ಏಳನೆಯ ತರಗತಿ ಓದಿದ್ದ ನಾದಿನಿ ಒಮ್ಮೆ ಕಸದಲ್ಲಿ ಬಿದ್ದ ಡಬ್ಬದ ಚೀಟಿಯನ್ನು ತುಟಿಯಾಡಿಸುತ್ತ ಓದುತ್ತಿದ್ದಾಗ, "ಓದೋಕೆ ಬಂದಿದ್ದೀಯೋ, ತಿಕ್ಕೋಕೋ?" ಎಂದು ಒಡತಿ ಅದನ್ನು ಕಾಲಿನಿಂದ ತಳ್ಳಿದ್ದಳು. ಅಷ್ಟರೊಳಗೆ ನಾದಿನಿ ಓದಬೇಕಾದುದನ್ನು ಓದಿಯಾಗಿತ್ತು.

ಅಂದಿನಿಂದ ಅವಳು ದಿನವೂ ಮುಚ್ಚಳ ತಿರುಗಿಸಿ, ಮೂಸಿ, ಒಂದೊಂದಾಗಿ ಅತ್ತಿಗೆಯ ಕೈಗೆ ಕೊಡುತ್ತಿದ್ದಳು.

"ಇದು ಸುಡೋದು. ಇದು ಬಿಳಿ ಮಾಡೋದು. ಎರಡನ್ನೂ ಕೂಡಿಸಬೇಡ ಅತ್ತಿಗೆ, ಕೂಡಿದ್ರೆ ಯಮನೇ."

"ನೀನೇ ನನ್ನ ಮೂಗು ಕಣೇ. ನಂಗೂ ಒಂದು ಲಾಭ ಆಯ್ತು ಬಿಡು, ನಿಮ್ಮಣ್ಣನ ಬೆವರು ನಾತ ತಪ್ಪಿತು."

ನೆಂಟರು ಬರಲಿದ್ದ ಆ ದಿನ ಒಡತಿ ಅವರಿಬ್ಬರನ್ನೂ ಬೇರ್ಪಡಿಸಿದಳು.

"ಇಬ್ಬರೂ ಸೇರಿ ಹರಟಿದ್ದು ಸಾಕು. ನೀನು ಹೋಗಿ ಬೆಳ್ಳಿ ತಟ್ಟೆ ಉಜ್ಜು."

"ಅಮ್ಮಾ, ಒಂದು ನಿಮಿಷ ಸೀಸೆ ಕೊಟ್ಟು—"

"ಅವಳೇನು ಎಳೇ ಕೂಸೇನೇ? ನಡಿ."

ನಾದಿನಿ ಅತ್ತಿಗೆಯತ್ತ ನೋಡಿದಳು. ಹೋಗು, ಬಾಯಿ ಬಿಡಬೇಡ ಎಂದು ಅತ್ತಿಗೆಯ ಕಣ್ಣು ಹೇಳಿತು.

ನಾದಿನಿ ಮೊದಲೇ ಮೂಸಿ ಕೊಟ್ಟಿದ್ದ ಆಸಿಡ್ ನೆಲದ ಮೇಲೆ ಆಗಲೇ ನೊರೆಯಾಡುತ್ತಿತ್ತು. ಅತ್ತಿಗೆ ಸಾಬೂನು ನೀರೆಂದು ಎಣಿಸಿ ಪಕ್ಕದ ಸೀಸೆಯನ್ನು ಅದರ ಮೇಲೆ ಬಗ್ಗಿಸಿದಳು. ಅದು ಬ್ಲೀಚು. ಅದೇ ಹೊತ್ತಿಗೆ ಹಜಾರದಲ್ಲಿ ನೆಂಟರ ಮಾತು ಕೇಳಿಸಿತು. ವಾಸನೆ ಅತ್ತ ಹಾಯದಿರಲೆಂದು ಒಡತಿ ಬಚ್ಚಲಿನ ಬಾಗಿಲೆಳೆದು ಹೊರಗಿನಿಂದ ಚಿಲಕ ಹಾಕಿದಳು.

"ಯಾರೋ ಕೆಮ್ತಿದ್ದಾರಲ್ಲ?" ಎಂದಳು ನೆಂಟರಾಕೆ.

"ಕೆಲಸದೋಳು. ಅವಳದು ಯಾವಾಗ್ಲೂ ಅದೇ ರಾಗ. ನೀವು ಚಹಾ ತಗೊಳ್ಳಿ."

ಬಚ್ಚಲಿನ ಬಾಗಿಲನ್ನು ಒಳಗಿನಿಂದ ಮೂರು ಸಲ ಬಡಿದ ಸದ್ದಾಯಿತು. ನಾಲ್ಕನೆಯದು ಬಾರದಿದ್ದುದೇ ನಾದಿನಿಯನ್ನು ಅಡುಗೆಮನೆಯಿಂದ ಓಡಿಸಿತು. ಚಿಲಕ ತೆಗೆದಾಗ ಹಸಿರುಹಳದಿಯ ಹೊಗೆ ಅವಳ ಗಂಟಲನ್ನು ಗೀರಿತು. ಅತ್ತಿಗೆ ಹೊಸ್ತಿಲಿಗೆ ಕೆನ್ನೆಯೊತ್ತಿ, ಬಾಗಿಲ ಸಂದಿಗೆ ಬಾಯಿಟ್ಟು ಮಲಗಿದ್ದಳು.

ಆಸ್ಪತ್ರೆಯಲ್ಲಿ ವೈದ್ಯ ಬರೆಯುತ್ತಲೇ ಮಾತನಾಡಿದ.

"ಇವಳಿಗೆ ಮೊದಲಿಂದಲೂ ದಮ್ಮು ಅಂತ ಆ ಮನೆಯವರು ಫೋನ್ ಮಾಡಿ ಹೇಳಿದ್ರು. ಸಂಜೆ ಕರ್ಕೊಂಡು ಹೋಗು."

"ದಮ್ಮು ಇಲ್ಲ ಸಾರ್. ಸೀಸೆದು ಕೂಡಿಕೊಂಡು ಹೊಗೆ ಎದ್ದಿದ್ದು. ನಾನೇ ನೋಡಿದೆ."

"ಯಾವ ಸೀಸೆ? ಏನಿತ್ತು ಅದರಲ್ಲಿ? ಚೀಟಿ ತೋರಿಸು, ಬರೀತೀನಿ, ಒಳಗೆ ಸೇರಿಸ್ಕೋತೀನಿ. ನೀನು ಮೂಸಿದ್ದನ್ನೆಲ್ಲ ಬರೆಯೋಕಾಗಲ್ಲ."

ಬೆಂಚಿನ ಮೇಲೆ ಅತ್ತಿಗೆಯ ಪಕ್ಕೆಲುಬುಗಳು ಒಳಕ್ಕೆ ಸೇದಿಕೊಳ್ಳುತ್ತಿದ್ದವು. ತುಟಿಯಂಚಿನಲ್ಲಿ ನೊರೆಯಿತ್ತು, ನೊರೆಯಲ್ಲಿ ನಸುಗೆಂಪಿತ್ತು. ಸಂಜೆಗೆ ಇನ್ನು ಎರಡು ಗಂಟೆ.

ನಾದಿನಿ ಮರಳಿ ಬಂದಾಗ ನೆಂಟರು ಇನ್ನೂ ಕುಳಿತಿದ್ದರು. ಅವಳು ಹಿಂಬಾಗಿಲಿಗೆ ಸುತ್ತಲಿಲ್ಲ. ಮುಂಬಾಗಿಲಿನಿಂದ ಬಂದು, ಚಪ್ಪಲಿಗಾಲಿನಲ್ಲೇ ನೆಲಹಾಸಿನ ಮೇಲೆ ನಡೆದು, ಬಚ್ಚಲಿನ ಮೂರು ಸೀಸೆಗಳನ್ನು ತಂದು ಚಹಾದ ಬಟ್ಟಲುಗಳ ನಡುವೆ ನಿಲ್ಲಿಸಿದಳು.

"ಇದರಲ್ಲಿ ಏನೇನಿದೆ ಅಂತ ಒಂದು ಕಾಗದದಲ್ಲಿ ಬರೆದುಕೊಡಿ ಅಮ್ಮಾ. ಡಾಕ್ಟ್ರು ಕೇಳ್ತಿದ್ದಾರೆ."

"ನಾನ್ಯಾಕೆ ಬರೀಲಿ? ಕೂಡಿಸಿದೋಳು ಅವಳು. ಎತ್ಕೊಂಡು ಹೋಗೇ ಇವನ್ನ, ದರಿದ್ರದೋಳೆ."

"ನಿಮಗೆ ಗೊತ್ತಿಲ್ವಾ? ಹಾಗಾದ್ರೆ ಮೂಸಿ ನೋಡಿ. ನಾವು ದಿನಾ ಮೂಸ್ತೀವಿ."

ಅವಳು ಮೊದಲ ಮುಚ್ಚಳವನ್ನು ತಿರುಗಿಸಿದಳು. ನೆಂಟರಾಕೆ ಕರವಸ್ತ್ರವನ್ನು ಮೂಗಿಗೊತ್ತಿ ಕುರ್ಚಿಯನ್ನು ಹಿಂದಕ್ಕೆಳೆದಳು. ಒಡತಿಯ ಕತ್ತು ಅವಳಿಗರಿವಿಲ್ಲದೆಯೇ ಹಿಂದಕ್ಕೆ ವಾಲಿತು.

"ಎಲ್ಲರಿಗೂ ಮೂಗಿದೆ, ಡಾಕ್ಟ್ರಿಗೂ ಇರುತ್ತೆ," ಎಂದಳು ನಾದಿನಿ. ಮುಚ್ಚಳ ಬಿಗಿದು, ಎರಡು ಸೀಸೆಗಳನ್ನು ಚೀಲದಲ್ಲಿಟ್ಟು, ವಾಸನೆಯಿಂದಲೇ ಗುರುತಿಸಿದ ಆಸಿಡ್ಡಿನದನ್ನು ಬೇರೆಯಾಗಿ ಕೈಯಲ್ಲಿ ಹಿಡಿದಳು.

"ಅವು ನನ್ನ ಸೀಸೆಗಳು ಕಣೇ ಕಳ್ಳಿ. ಇಡು ಕೆಳಗೆ. ಪೊಲೀಸಿಗೆ ಫೋನ್ ಮಾಡ್ತೀನಿ."

"ಮಾಡಿ. ಏನು ಕಳುವಾಯ್ತು ಅಂತ ಅವರು ಬರ್ಕೋತಾರೆ. ಆಗಲಾದ್ರೂ ಅದರ ಹೆಸರು ನಿಮ್ಮ ಬಾಯಿಂದ ಬರುತ್ತೆ."

ಒಡತಿ ಎತ್ತಿದ ಫೋನು ಅವಳ ಕೈಯಲ್ಲೇ ಉಳಿಯಿತು. ಯಾರೂ ಚಹಾ ಮುಟ್ಟಲಿಲ್ಲ. ನಾದಿನಿ ತನ್ನಂಥವರು ತುಳಿಯಬಾರದೆಂದಿದ್ದ ಮುಂಬಾಗಿಲಿನ ಅಗಲದ ಮೆಟ್ಟಿಲುಗಳಲ್ಲಿ, ಸೀಸೆ ವಾಲದಂತೆ ಎದೆಯ ಮುಂದೆ ನೆಟ್ಟಗೆ ಹಿಡಿದು, ಇಳಿಯತೊಡಗಿದಳು. ಬೆಂಚಿನ ಮೇಲಿನ ಆ ಪಕ್ಕೆಲುಬುಗಳು ಈಗಲೂ ಏಳುತ್ತಿವೆಯೋ ಇಲ್ಲವೋ ಅವಳಿಗೆ ತಿಳಿದಿರಲಿಲ್ಲ. ಓಡಿದರೆ ಚೆಲ್ಲುತ್ತಿತ್ತು. ಅವಳು ಓಡಲಿಲ್ಲ.

ಇದನ್ನು ಕೇಳಿದವರೆಲ್ಲರ ಮನೆ ತಣ್ಣಗಿರಲಿ; ಆ ಮನೆಯನ್ನು ತೊಳೆಯುವವರ ಎದೆಯೂ ತಣ್ಣಗಿರಲಿ.