ಕೂರದ ಮರುಳಪ್ಪ

"ಮಂಡಿ ಬಗ್ತಿಲ್ಲ ಕಣಕ್ಕ," ಎಂದು ಕೊಬ್ಬರಿ ವ್ಯಾಪಾರದ ಬಸವರಾಜಪ್ಪ ಹೆಣದ ಕಾಲನ್ನು ಮತ್ತೊಮ್ಮೆ ಹಿಡಿದು ಒತ್ತಿದ. ಚಾಪೆಯ ಮೇಲೆ ನೆಟ್ಟಗೆ ಮಲಗಿದ್ದ ಮರುಳಪ್ಪನ ಕಾಲು ಜಪ್ಪಯ್ಯ ಅಂದರೂ ಮಡಚಲಿಲ್ಲ.

ಹೆಂಡತಿ ದ್ರಾಕ್ಷಾಯಣಮ್ಮ ತಾನೂ ಆ ಮಂಡಿ ಮುಟ್ಟಿ ನೋಡಿದಳು. ಸತ್ತವರನ್ನು ಕೂರಿಸಿ, ಅಂಗೈಗೆ ಲಿಂಗವಿಟ್ಟು ಮಣ್ಣು ಮಾಡುವುದು ಅವರ ಪದ್ಧತಿ. ಜೀವ ಹೋದ ಕೂಡಲೇ ಕೂರಿಸಬೇಕಿತ್ತು. ಗಂಡ ಮಲಗಿದ್ದಲ್ಲೇ ಸದ್ದಿಲ್ಲದೆ ಹೋಗಿಬಿಟ್ಟಿದ್ದ. ದಿನಾ ಅವನು ತರುವ ಕಾಫಿ ಯಾಕೋ ಇನ್ನೂ ಬರಲಿಲ್ಲವಲ್ಲ ಎಂದು ಬೆಳಿಗ್ಗೆ ಅವಳು ಎದ್ದು ಬಂದು ನೋಡುವ ಹೊತ್ತಿಗೆ ಮೈಯೆಲ್ಲ ಸೆಟೆದಿತ್ತು.

"ಹಿಂಗಾದ್ರೆ ಮಂಡಿ ಮುರ್ದು ಕೂರಿಸ್ತಾರೆ. ಇಲ್ಲಾಂದ್ರೆ ಮಲಗ್ಸೇ ಮಣ್ಮಾಡಾದು. ಏನಂತೀರಿ ಅಯ್ನೋರೆ?" ಎಂದು ಬಸವರಾಜಪ್ಪ ಕೇಳಿದ.

ಕ್ರಿಯೆ ಮಾಡಿಸಲು ಬಂದಿದ್ದ ಹಾಲಸ್ವಾಮಿ ಅಯ್ಯನವರು ಬಾಗಿಲಾಚೆಯ ಬಿಸಿಲು ನೋಡಿದರು. "ಹೊತ್ತು ನೆತ್ತಿಗೆ ಬರಗಂಟ ಕಾಯಾನ. ಆಮೇಲೆ ಏನಾರ ಒಂದು ಮಾಡ್ಲೇಬೇಕು."

"ಮುರೀಬ್ಯಾಡ್ರಪ್ಪ. ನನ್ ಕೈಗೆ ಬುಡಿ," ಎಂದು ದ್ರಾಕ್ಷಾಯಣಮ್ಮ ನೀರು ಕಾಯಿಸಲು ಎದ್ದಳು.

*

ಮರುಳಪ್ಪ ಬೆಂಗಳೂರಿನ ದಂಡು ಪ್ರದೇಶದಲ್ಲಿ ಇಂಗ್ಲಿಷ್ ದೊರೆಗಳ ಬಂಗಲೆಗಳಲ್ಲಿ ಬಡಿಸುವ ಕೆಲಸಕ್ಕಿದ್ದವನು. ಒಬ್ಬ ದೊರೆ ವಿಲಾಯಿತಿಗೆ ಹೋದರೆ ಇನ್ನೊಬ್ಬ ದೊರೆಯ ಮನೆ. ಮೇಜಿನ ಸುತ್ತ ಎಷ್ಟೇ ಕುರ್ಚಿಗಳಿದ್ದರೂ ಅವನ ಜಾಗ ಅವುಗಳ ಹಿಂದೆ. ದೊರೆಸಾನಿಯ ಎದುರು ಕೂತ ಆಳು ಮರುದಿನ ಗೇಟಿನಾಚೆ.

ದೊರೆಗಳು ದೇಶ ಬಿಟ್ಟಾಗ ತನ್ನೂರು ಬಿಳಿಗೆರೆಗೆ ಮರಳಿ, ತಡವಾಗಿ ಮದುವೆಯಾದ. ಅದಾಗಿ ಇಪ್ಪತ್ತೈದು ವರ್ಷದ ಮೇಲಾಯಿತು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಇವನದು ಕಲಿತ ಗುಣ, ಅದೂ ಹೋಗಲಿಲ್ಲ. ಹೊಸ ಹೆಂಡತಿಗೆ ಮುದ್ದೆ ಬಡಿಸಿ, ಎಡಗೈ ಬೆನ್ನ ಹಿಂದೆ ಇಟ್ಟುಕೊಂಡು ಪಕ್ಕದಲ್ಲಿ ನಿಂತ.

"ನೀವೂ ಕೂತ್ಕಳ್ರಿ. ಒಟ್ಗೆ ಉಣ್ಣಾನ."

"ಮೊದ್ಲು ನಿಂದಾಗ್ಲಿ ಕಣೇ."

ಅವಳದಾದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ನಿಂತೇ ಉಂಡ. ಮಾರನೆಯ ದಿನವೂ ಹಾಗೇ, ಆಮೇಲೂ ಹಾಗೇ. ನಿನ್ನದು ದೊರೆಸಾನಿ ಭೋಗ ಬಿಡೇ ಎಂದು ಊರ ಹೆಂಗಸರು ಕಿಚಾಯಿಸುತ್ತಿದ್ದರು. ಅವಳೂ ನಗುತ್ತಿದ್ದಳು. ಆದರೆ ದೊರೆಸಾನಿಗಾದರೂ ಎದುರಿಗೆ ಗಂಡ ಕೂತಿರುತ್ತಿದ್ದ. ಇವಳ ಪಕ್ಕದ ಮಣೆ ಒಂದು ದಿನವೂ ಬಿಸಿಯಾಗಲಿಲ್ಲ. ಅದು ಒಳಗೊಳಗೇ ಅವಳನ್ನು ತಿನ್ನುತ್ತಿತ್ತು.

*

ಬಿಸಿನೀರಿನ ಬಟ್ಟೆ ಸುತ್ತಿ, ಕೊಬ್ಬರಿ ಎಣ್ಣೆ ಹಚ್ಚಿ, ಅವಳು ಗಂಡನ ಮಂಡಿಗಳನ್ನು ನೀವುತ್ತಲೇ ಇದ್ದಳು. ನೀರು ಆರಿದಂತೆಲ್ಲ ಪಕ್ಕದ ಮನೆಯ ಶಿವರುದ್ರಮ್ಮ ಮತ್ತೆ ಕಾಯಿಸಿ ತಂದಳು. ಬಿಸಿಲೇರಿತು. ಬಸವರಾಜಪ್ಪ ಒಳಗೂ ಹೊರಗೂ ಓಡಾಡುತ್ತಿದ್ದ.

ದ್ರಾಕ್ಷಾಯಣಮ್ಮ ಗಂಡನ ಕಿವಿಯ ಹತ್ತಿರ ಬಗ್ಗಿದಳು. "ಕೂತ್ಕಳ್ರಿ. ದೊರೆಗಳೆಲ್ಲ ಯಾವತ್ತೋ ಹೋದ್ರು. ಇಲ್ಲಿರೋಳು ನಾನೊಬ್ಳೇ."

ಕೈಯಡಿಯಲ್ಲಿ ಮಂಡಿ ತುಸು ಸಡಿಲವಾಯಿತು. ಅವಳು ಬಿಡದೆ ನೀವಿದಳು. ಇನ್ನಷ್ಟು ಬಗ್ಗಿತು.

"ಬಂತು ಕಣಕ್ಕ," ಎಂದು ಬಸವರಾಜಪ್ಪ ಓಡಿಬಂದು ಕೈಕೊಟ್ಟ. ಎಲ್ಲರೂ ಸೇರಿ ಮರುಳಪ್ಪನನ್ನು ಚಕ್ಕಳಮಕ್ಕಳ ಹಾಕಿಸಿ, ಗೋಡೆಗೆ ಒರಗಿಸಿ, ಬೀಳದಂತೆ ಎದೆಗೆ ಬಟ್ಟೆ ಸುತ್ತಿ ಗೂಟಕ್ಕೆ ಕಟ್ಟಿದರು. ಅಯ್ಯನವರು ಹಣೆಗೆ ವಿಭೂತಿ ಬಳಿದು, ಅಂಗೈಯಲ್ಲಿ ಲಿಂಗವಿಟ್ಟರು. ದ್ರಾಕ್ಷಾಯಣಮ್ಮನಿಗೆ ಆಗ ಅಳು ಬಂತು. ಅಳುತ್ತಲೇ ಎದೆ ಹಗುರವಾಯಿತು.

ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡು, ಗಂಡನ ಪಕ್ಕದಲ್ಲಿ ಅದೇ ಗೋಡೆಗೆ ಒರಗಿ ಕೂತಳು.

"ಏಳಕ್ಕ, ಜನ ನೋಡಕ್ಕೆ ಬತ್ತಾವ್ರೆ. ವಸಿ ಈಚೆ ಬಾ," ಎಂದು ಶಿವರುದ್ರಮ್ಮ ತೋಳು ಹಿಡಿದಳು.

"ಇರ್ಲಿ ಬುಡೇ. ಈಗ ತಾನೆ ಕೂತಿದ್ದೀವಿ."

ಊರಿನವರು ಒಬ್ಬೊಬ್ಬರಾಗಿ ಒಳಗೆ ಬಂದು, ಕೂತಿದ್ದ ಇಬ್ಬರ ಎದುರಿಗೆ ಕೈಕಟ್ಟಿಕೊಂಡು ನಿಂತರು.