ಬಟನ್ ಅಪ್ಪ

ಇವತ್ತಾದರೂ ತನ್ನ ಹೆಸರು ಹೇಳಿಬಿಡಬೇಕು ಎಂದುಕೊಳ್ಳುತ್ತ ಲಯನೆಲ್ ಬೇಲಿಗೆ ಅಡ್ಡಮರ ಹಾಕಿದ ದಣಪೆ ಹತ್ತಿದ. ಅಷ್ಟರಲ್ಲಿ ನಾಯಿ ಬಟನ್ ಅದರ ಕೆಳಗೇ ತೂರಿ ಆಚೆ ಹೋಗಿ, ಓದಿದವರಿಗೆ ಎಲ್ಲದಕ್ಕೂ ಇಷ್ಟು ಹೊತ್ತು ಬೇಕೇ ಎಂಬಂತೆ ತಿರುಗಿ ನೋಡುತ್ತಿತ್ತು.

ನಾಯಿ ಅವನದಲ್ಲ. ಪಕ್ಕದ ಮನೆಯ ಮಿಸೆಸ್ ಬೆವನ್‌ರದು. ಆಕೆ ಹೊಸ್ತಿಲಲ್ಲಿ ಜಾರಿ ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದಾಗ ಬೀಚ್ ಮರಗಳ ಎಲೆ ಇನ್ನೂ ಕೆಂಪಗಿತ್ತು. ಈಗ ಕೊಂಬೆಗಳು ಬೋಳು. ಇವತ್ತು ಮಧ್ಯಾಹ್ನ ಆಕೆಯ ತಂಗಿ ಕಾರು ತರುತ್ತಾಳೆ. ಮಿಸೆಸ್ ಬೆವನ್, ನಾಯಿ, ನಾಯಿಯ ಬುಟ್ಟಿ, ಎಲ್ಲವೂ ತಂಗಿಯ ಊರು ಹೆರೆಫರ್ಡ್‌ಗೆ.

ಲಯನೆಲ್ ನಗರದ ಕಾಲೇಜಿನಲ್ಲಿ ರೋಮನ್ ಇತಿಹಾಸ ಹೇಳಿಕೊಡುತ್ತಿದ್ದವನು. ಕಾಲೇಜಿನವರು ವಿಭಾಗ ಮುಚ್ಚಿದರು. ಹೆಂಡತಿ ಅದಕ್ಕೂ ಮೊದಲೇ ಬಿಟ್ಟು ಹೋಗಿದ್ದಳು. ನೆಮ್ಮದಿ ಬೇಕೆಂದು ಈ ಗುಡ್ಡದ ಬುಡದಲ್ಲಿ ಮನೆ ಕೊಂಡ. ಹೊಟ್ಟೆ ತುಂಬಿ ಕಕ್ಕುವಷ್ಟು ನೆಮ್ಮದಿ ಸಿಕ್ಕಿತು. ಅಂಗಡಿಯಲ್ಲಿ ‘ಚಳಿ’ ಎಂದರು, ಪಬ್ಬಿನಲ್ಲೂ ‘ಚಳಿ’ ಎಂದರು. ಬೇಸಿಗೆಯಲ್ಲಿ ಅದನ್ನೂ ಬಿಟ್ಟರು.

ಬಟನ್‌ನ ಹಗ್ಗ ಕೈಗೆ ಬಂದದ್ದೇ ತಡ, ಇಡೀ ಗುಡ್ಡಕ್ಕೆ ಬಾಯಿ ಬಂತು.

ಆದರೆ ಈ ಗುಡ್ಡದಲ್ಲಿ ಹೆಸರಿರುವುದು ನಾಯಿಗಳಿಗೆ. ಮನುಷ್ಯರ ಹೆಸರನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಬಚ್ಚಲಮನೆಯ ಬಾಗಿಲು ತಳ್ಳಿದಂತೆ.

ಕುರಿಹಟ್ಟಿಯ ತಿರುವಿನಲ್ಲಿ ಗ್ಲಾಡಿಸ್ ಅಪ್ಪ ಎದುರಾದ. ಗ್ಲಾಡಿಸ್ ಎಂದರೆ ಒಂದು ದಪ್ಪ ಸ್ಪ್ಯಾನಿಯಲ್ ನಾಯಿ. ಅಪ್ಪ ಎಂದರೆ ಒಬ್ಬ ಮುದಿ ರೈತ.

“ಬಂದ್ಯಾ ರಾಜಾ,” ಎಂದ ಮುದುಕ, ಬಟನ್‌ಗೆ. ಆಮೇಲೆ ಲಯನೆಲ್ ಕಡೆ ತಿರುಗದೆಯೇ ಅವನನ್ನು ಕೇಳಿದ, “ನೆಗಡಿ ಹೋಯ್ತೇನಪ್ಪಾ ನಿಂಗೆ?”

“ನಂಗೆ ನೆಗಡಿ ಇರ್ಲಿಲ್ವಲ್ಲ.”

“ಹಂಗಾದ್ರೆ ಆ ಮೂಗು ಯಾವಾಗ್ಲೂ ಹಂಗೇನಾ?”

ಲಯನೆಲ್ ಮೂಗು ಒರೆಸಿಕೊಂಡ. “ಇವತ್ತೇ ಕೊನೆ. ಮಧ್ಯಾಹ್ನ ಇವನ್ನ ಹೆರೆಫರ್ಡ್‌ಗೆ ಕರ್ಕೊಂಡ್ ಹೋಗ್ತಾರೆ.”

ಮುದುಕ ಹೆಪ್ಪುಗಟ್ಟಿದ ಹುಲ್ಲಿನ ಮೇಲೆ ಮೊಣಕಾಲೂರಿ ಕೂತ. ಬಟನ್‌ನ ಎರಡೂ ಕಿವಿ ಹಿಡಿದ. “ಅಲ್ಲೆಲ್ಲಾ ಬರೀ ಬಯಲು ಕಣೋ ಮಗ. ಏನ್ ಮಾಡ್ತೀಯ ಅಲ್ಲಿ?” ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

“ನಾನು ಇಲ್ಲೇ ಇರ್ತೀನಿ,” ಎಂದ ಲಯನೆಲ್.

“ಹೂಂ, ಹೂಂ,” ಎಂದ ಮುದುಕ, ಕಿವಿ ಬಿಡದೆ.

ಹೋಗಲಿ. ಲಯನೆಲ್‌ಗೆ ಬೇಕಾಗಿದ್ದದ್ದು ಈ ಮುದುಕನಲ್ಲ. ಮೇಲೆ ಕಾಡಿನೊಳಗೆ ಸಿಗುವ ಡ್ಯೂಕ್ ಅಮ್ಮ.

ಡ್ಯೂಕ್ ಬಡಕಲು ಬೇಟೆನಾಯಿ. ಅದರ ಅಮ್ಮನ ಬಗ್ಗೆ ಲಯನೆಲ್‌ಗೆ ಎಲ್ಲಾ ಗೊತ್ತು. ಎಡ ಮೊಣಕಾಲು ನೋವು. ನಾದಿನಿಯೊಂದಿಗೆ ಮಾತಿಲ್ಲ. ಬ್ಯಾಂಡು ಬಾರಿಸುತ್ತಾ ಹೋಗುವವರನ್ನು ಕಂಡರೆ ಕಾರಣವಿಲ್ಲದೆ ಅಳು ಬರುತ್ತದೆ. ಹೆಸರೊಂದು ಗೊತ್ತಿಲ್ಲ. ಮೊದಲ ದಿನವೇ ಕೇಳಬಹುದಿತ್ತು. ಒಂದು ವಾರ ಕಳೆದಮೇಲೆ ಕೇಳಿದ್ದರೆ ನಕ್ಕು ಹೇಳುತ್ತಿದ್ದಳು. ಇಷ್ಟು ಕಾಲವಾದಮೇಲೆ ಕೇಳಿದರೆ ಇಷ್ಟು ಕಾಲ ಕೇಳಲಿಲ್ಲ ಎಂಬುದೇ ಬಯಲಾಗುತ್ತದೆ. ಆದ್ದರಿಂದ ತನ್ನದನ್ನು ಮೊದಲು ಹೇಳುವುದು, ನಂತರ ಚಹಾಕ್ಕೆ ಕರೆಯುವುದು ಎಂದು ತೀರ್ಮಾನಿಸಿದ್ದ. ಅಂದಹಾಗೆ, ನಾನು ಲಯನೆಲ್. ಹತ್ತುತ್ತಾ ಹತ್ತುತ್ತಾ ಬಾಯಿಪಾಠ ಮಾಡಿದ. ರೋಮಿನ ಚಕ್ರವರ್ತಿಗಳನ್ನು ಸಾಲಾಗಿ ಒಪ್ಪಿಸಬಲ್ಲ ನಾಲಿಗೆ ಸ್ವಂತ ಹೆಸರಿಗೆ ತಡವರಿಸುತ್ತಿತ್ತು.

ಬಿಸಿಲು ಹುಟ್ಟಿ ಕಾಡಿನ ಮಂಜೆಲ್ಲ ಹೊಗೆಯಾಡಿತು. ಒಣಗಿದ ಜರೀಗಿಡಗಳ ನಡುವಿನಿಂದ ಕಾಡುಕೋಳಿಯೊಂದು ಕಿರುಚಿಕೊಂಡು ಹಾರಿತು. ಬಟನ್ ಅಟ್ಟಿಸಿಕೊಂಡು ಹೋಗಿ, ಸೋತು, ಅಲ್ಲೇ ಕೂತು ಬೆಳಗಿನ ಕೆಲಸ ಮುಗಿಸಿತು. ಲಯನೆಲ್ ಕಪ್ಪು ಚೀಲದಲ್ಲಿ ಎತ್ತಿ ಗಂಟು ಹಾಕಿ ಹಿಡಿದುಕೊಂಡ.

ಆಗ ಡ್ಯೂಕ್ ಜೊತೆ ಅವಳು ಬಂದಳು. ಸೀದಾ ಬಟನ್ ಹತ್ತಿರ ಬಗ್ಗಿದಳು.

“ಹೊಟ್ಟೆ ಸರಿಹೋಯ್ತಾ ಇವ್ನದು?”

“ಈಗ ಗಟ್ಟಿಯಾಗಿದೆ.”

“ನಾ ಹೇಳ್ಲಿಲ್ವಾ, ಕುಂಬಳಕಾಯಿ ಕೊಡಿ ಅಂತ.”

“ಹೇಳಿದ್ರಿ.”

“ಗಂಡಸರು ಯಾರ್ ಮಾತೂ ಕೇಳಲ್ಲ. ನನ್ ಗಂಡ ಇದ್ದಾಗ್ಲೂ ಅಷ್ಟೆ, ಡಾಕ್ಟರ್‌ಗೇ ಬುದ್ಧಿ ಹೇಳಿ ಬರ್ತಿದ್ರು.”

ಅವಳು ನಕ್ಕಳು. ನಗು ನಾಯಿಗಳ ಮೇಲೆ ಬಿತ್ತು. ಲಯನೆಲ್ ಉಸಿರೆಳೆದುಕೊಂಡ.

“ಅಂದಹಾಗೆ,” ಎಂದು ಕೈ ಚಾಚಿದ.

ಚಾಚಿದ ಕೈಯಲ್ಲಿ ಕಪ್ಪು ಚೀಲ ಇತ್ತು.

“ಓ, ಕೊಡಿ ಕೊಡಿ,” ಎಂದು ಅವಳು ಅದನ್ನು ತೆಗೆದುಕೊಂಡಳು. “ಡಬ್ಬಿ ಇರೋ ಕಡೇನೇ ಹೋಗ್ತಿದೀನಿ. ನಂದೂ ಒಂದಿದೆ ನೋಡಿ, ಜೊತೆಗೇ ಎಸೀತೀನಿ. ಸಂಜೆ ಮತ್ತೆ ಬರ್ಬೇಕು, ಇವನಿಗೆ ಎರಡು ಸಲ ಸುತ್ತಿಸ್ದೆ ಇದ್ರೆ ಸೋಫಾ ಹರಿದಾಕ್ತಾನೆ. ಬರ್ಲಾ ಬಟನ್?”

ಎರಡು ಚೀಲ ತೂಗಾಡಿಸಿಕೊಂಡು ಅವಳು ಇಳಿದು ಹೋದಳು. ಮೂರ್ಖ, ಎಂದುಕೊಂಡ ಲಯನೆಲ್. ಕೂಗಿ ಹೇಳಬಹುದಿತ್ತು. ಆದರೆ ಕಾಡಿನಲ್ಲಿ ಸ್ವಂತ ಹೆಸರನ್ನು ಕೂಗುವವನನ್ನು ಜನ ಏನೆಂದುಕೊಂಡಾರು?

ಮಧ್ಯಾಹ್ನ ಕಾರು ಬಂತು. ಮಿಸೆಸ್ ಬೆವನ್ ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದರು. ತಂಗಿ ಎಂಜಿನ್ ನಿಲ್ಲಿಸಲಿಲ್ಲ.

“ಬಹಳ ಉಪಕಾರ ಆಯ್ತು, ಮಿಸ್ಟರ್...” ಎಂದು ತಡೆದು, “ಅಕ್ಕ ನಿಮ್ ಹೆಸರು ಹೇಳಿದ್ಲು. ನಿದ್ದೆ ಮಾತ್ರೆ ಅವಳು ತಗೊಂಡ್ರೆ ಮರೆವು ನಂಗೆ. ಇವನು ಸುಮ್ನೆ ಬರ್ತಾನಾ, ಗಲಾಟೆ ಮಾಡ್ತಾನಾ?”

“ಸ್ವಲ್ಪ ಹಿಂದೆ ಮುಂದೆ ನೋಡ್ಬಹುದು. ನಂಗೆ ಹೊಂದ್ಕೊಂಡಿದಾನೆ.”

ಅವಳು ಬಾಗಿಲು ತೆರೆದಳು. ಬಟನ್ ಒಂದೇ ನೆಗೆತಕ್ಕೆ ಹಾರಿ ಮಿಸೆಸ್ ಬೆವನ್‌ರ ತೊಡೆಯ ಮೇಲೆ ಮಲಗಿತು.

ಮನೆಯೊಳಗೆ ಬಂದ ಲಯನೆಲ್‌ಗೆ ಒಂದು ಹುರುಪು ಬಂತು. ಈಗ ನಡುವೆ ನಾಯಿಯಿಲ್ಲ. ಮನುಷ್ಯ ಮನುಷ್ಯನನ್ನು ಮಾತನಾಡಿಸುವುದಷ್ಟೆ. ಗಡ್ಡ ಹೆರೆದ. ಕೆಸರು ಮೆತ್ತಿದ ಹಸಿರು ಕೋಟು ಬಿಟ್ಟು, ಕಾಲೇಜಿಗೆ ಹಾಕುತ್ತಿದ್ದ ಕಪ್ಪು ಉಣ್ಣೆಯ ಉದ್ದ ಕೋಟು ತೊಟ್ಟ. ಕನ್ನಡಿಯಲ್ಲಿ ಯಾರೋ ಗಣ್ಯರು ಕಂಡರು. ಶಿಳ್ಳೆ ಹಾಕುತ್ತಾ ಗುಡ್ಡ ಹತ್ತಿದ.

ನಾಯಿಯಿಲ್ಲದೆ ಗುಡ್ಡ ಬೇಗ ಮುಗಿಯಿತು. ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಜೇಬಿಗೆ ತುರುಕಿದ. ಪ್ರಾಮಾಣಿಕನಂತೆ ಕಾಣಲು ಹೊರಗೆ ತೆಗೆದ. ಎದುರು ಬಂದ ಗಂಡಹೆಂಡತಿಯ ನಾಯಿ ಅವನ ಕಡೆ ಬಾಲ ಆಡಿಸಿತು. ಅವರು ಅದನ್ನು ಎಳೆದುಕೊಂಡು, ತಲೆ ತಗ್ಗಿಸಿ ಬೇಗ ಬೇಗ ದಾಟಿದರು.

ಚಳಿಗಾಲದ ಸಂಜೆ, ಕಾಡಿನೊಳಗೆ ಆಗಲೇ ಮುಖ ಕಾಣದಷ್ಟು ಕತ್ತಲೆ. ಬೋಳು ಮರಗಳ ನಡುವೆ ಒಂದು ಟಾರ್ಚಿನ ಬೆಳಕು ಏರಿ ಬರುತ್ತಿತ್ತು. ಅವಳೇ. ಲಯನೆಲ್ ದಾರಿಯ ಮಧ್ಯೆ ನಿಂತ.

ಬೆಳಕು ನಿಂತಿತು. ನಾಯಿಯ ಹಗ್ಗವನ್ನು ಹತ್ತಿರಕ್ಕೆ ಎಳೆದುಕೊಂಡ ಸದ್ದು ಕೇಳಿಸಿತು.

“ಯಾರದು?”

“ನಾನು.”

“ನಾನು ಅಂದ್ರೆ ಯಾರು? ನಾಯಿ ಕಚ್ಚುತ್ತೆ ನೋಡಿ.”

ಡ್ಯೂಕ್ ಹುಟ್ಟಿದಾಗಿನಿಂದ ಯಾರನ್ನೂ ಕಚ್ಚಿಲ್ಲ ಎಂಬುದು ಲಯನೆಲ್‌ಗೆ ಗೊತ್ತಿತ್ತು. ಅವಳೇ ಹೇಳಿದ್ದಳು.

“ನಾನು ಲಯನೆಲ್,” ಎಂದ.

ಹೇಳಿಯೇಬಿಟ್ಟಿದ್ದ. ಅಷ್ಟು ಸುಲಭವಾಗಿತ್ತು.

ಬೆಳಕು ಅವನ ಮುಖಕ್ಕೆ ಏರಿತು. ಹಣೆ, ಮೂಗು, ಹೆರೆದ ಗಲ್ಲ, ಒಂದೊಂದನ್ನೇ ನೋಡಿತು.

“ನಂಗೆ ಲಯನೆಲ್ ಅನ್ನೋರು ಯಾರೂ ಗೊತ್ತಿಲ್ಲ,” ಎಂದಳು. “ದಾರಿ ಬಿಡಿ. ನನ್ ಮಗ ಹಿಂದೇನೇ ಬರ್ತಿದಾನೆ.”

ಅವಳಿಗೆ ಮಗನಿಲ್ಲ. ಅದೂ ಅವನಿಗೆ ಗೊತ್ತಿತ್ತು.

“ಹೆದರ್ಬೇಡಿ. ನಾನು ಕಣ್ರೀ,” ಎಂದ ಲಯನೆಲ್, ಬೆಳಕಿಗೆ ಕಣ್ಣು ಮುಚ್ಚಿಕೊಂಡು. “ಬಟನ್ ಅಪ್ಪ.”

ಬೆಳಕು ತಕ್ಷಣ ಅವನ ಮುಖ ಬಿಟ್ಟಿತು. ಕೋಟಿನ ಗುಂಡಿಗಳ ಮೇಲಿಂದ ಇಳಿದು, ಅವನ ಬಲಗಾಲಿನ ಪಕ್ಕ ಬಟನ್ ನಿಲ್ಲುತ್ತಿದ್ದ ನೆಲದ ಮೇಲೆ ಬಿದ್ದು, ಅಲ್ಲಿ ನಿಂತಿತು. ಡ್ಯೂಕ್ ಮುಂದೆ ಬಂದು ಆ ಬರಿಯ ನೆಲವನ್ನು ಮೂಸಿತು. ಕತ್ತಲೆಯಲ್ಲಿ ಇಬ್ಬರೂ ಆ ಬೆಳಕಿನ ವೃತ್ತವನ್ನು ನೋಡುತ್ತಾ ನಿಂತರು.