ಕಡ್ಡಿಯಣ್ಣ ಹೊಡೆದ ಮೂರು ಗೆರೆ

ನಮ್ಮ ಲ್ಯಾಬಿನ ಹಳೆಯ ರಿಜಿಸ್ಟರುಗಳನ್ನೆಲ್ಲ ಚೂರು ಮಾಡುವ ಯಂತ್ರಕ್ಕೆ ಹಾಕಿ ಎಂದು ಮೇಲಿನಿಂದ ಆಜ್ಞೆ ಬಂದ ದಿನ ನನಗೆ ಮೈಯೆಲ್ಲ ಉರಿಯಿತು. ನಿವೃತ್ತಿಗೆ ಇನ್ನು ಹನ್ನೊಂದು ದಿನ; ಬೈದರೆ ಯಾರೇನು ಮಾಡಿಯಾರು? ಹೊಟ್ಟೆ ತುಂಬ ಬೈದೆ. ಆಮೇಲೆ ಮೂವತ್ತೊಂದು ವರ್ಷ ಹಿಂದಿನ ರಿಜಿಸ್ಟರನ್ನು ಹುಡುಕಿ ತೆಗೆದು, "ಇದು ನನಗೆ ಬೇಕು, ಅಕ್ಕನಿಗೆ ತೋರಿಸಬೇಕು" ಎಂದೆ. ಈಗಿನ ಮುಖ್ಯಸ್ಥ, ನನ್ನ ಮಗನ ವಯಸ್ಸಿನವನು, "ತಗೊಂಡ್ಹೋಗಿ ಮೇಡಂ, ನಮ್ಮ ತಲೆ ತಿನ್ಬೇಡಿ" ಎಂದು ನಕ್ಕ. ಅಲ್ಲಿಯವರೆಗೆ ಅದು ಬೀಗದೊಳಗಿತ್ತು. ಹೊರಗೆ ಒಯ್ದಿದ್ದರೆ ನನ್ನ ಕೆಲಸವೇ ಹೋಗುತ್ತಿತ್ತು.

ಅಕ್ಕ ನಾನು ಇಬ್ಬರೂ ಇದೇ ಔಷಧ ಕಾರ್ಖಾನೆಯಲ್ಲಿ ದುಡಿದವರು. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವಳು ಅವಳೇ. ಅವಳದು ಪಕ್ಕದ ಕಟ್ಟಡ: ಹರಳು ಕಟ್ಟಿಸಿ, ತೊಳೆದು, ಒಣಗಿಸಿ, ಪುಡಿಯನ್ನು ನಮ್ಮ ಲ್ಯಾಬಿಗೆ ಕಳಿಸುವ ಕೆಲಸ. ಆ ಪುಡಿ ಎಷ್ಟು ಡಿಗ್ರಿಗೆ ಕರಗುತ್ತದೆಂದು ನೋಡುವ ಮೇಜು ಕಡ್ಡಿಯಣ್ಣನದು, ನಾನು ಅವರ ಕೈಕೆಳಗಿನವಳು. ಶುದ್ಧ ಪುಡಿಯಾದರೆ ಹೇಳಿದ ಡಿಗ್ರಿಗೇ ಕರಗಬೇಕು. ಕೊಳೆಯೋ ತೇವವೋ ಉಳಿದಿದ್ದರೆ ಮೊದಲೇ ಕರಗಿಬಿಡುತ್ತದೆ.

ಕಡ್ಡಿಯಣ್ಣ ಎಂಬ ಹೆಸರು ಅವರ ಮೈಕಟ್ಟಿಗೂ ಒಪ್ಪುತ್ತಿತ್ತು, ಕೆಲಸಕ್ಕೂ ಒಪ್ಪುತ್ತಿತ್ತು. ಕಡ್ಡಿಯಂಥ ಸಣ್ಣ ಗಾಜಿನ ಕೊಳವೆಯ ಒಂದು ತುದಿಯನ್ನು ಉರಿಗೆ ಹಿಡಿದು ಮುಚ್ಚಿ, ಚಿಟಿಕೆ ಪುಡಿ ತುಂಬಿ, ಮೇಜಿನ ಮೇಲೆ ಟಕಟಕ ಕುಟ್ಟಿ ಕೆಳಗಿಳಿಸುವರು. ಅದನ್ನು ಥರ್ಮಾಮೀಟರಿನ ಪಕ್ಕಕ್ಕೆ ಕಟ್ಟಿ ಎಣ್ಣೆಯ ಬೀಕರಿನಲ್ಲಿ ಇಳಿಬಿಟ್ಟು, ಬರ್ನರ್ ಹಚ್ಚಿ, ಭೂತಗನ್ನಡಿಗೆ ಕಣ್ಣಿಟ್ಟು ಕೂತರೆ ಗಂಟೆಗಟ್ಟಲೆ ಮಿಸುಕಾಡುತ್ತಿರಲಿಲ್ಲ. "ಇದು ಅನ್ನ ಬೇಯಿಸೋದಲ್ಲಮ್ಮ. ನಿಮಿಷಕ್ಕೆ ಒಂದೇ ಡಿಗ್ರಿ. ಓಡಿಸಿದ್ರೆ ಪುಡಿ ಕರಗೋಷ್ಟರಲ್ಲಿ ಥರ್ಮಾಮೀಟರ್ ಮುಂದೆ ಹೋಗಿರುತ್ತೆ, ನೀನು ಸುಳ್ಳು ಬರೀತೀಯ" ಎನ್ನುವರು. ನಾನು ಉರಿಯನ್ನು ಒಂದಿಷ್ಟು ಏರಿಸಿದರೂ ಬೆನ್ನ ಹಿಂದಿನಿಂದಲೇ ಅವರಿಗೆ ಗೊತ್ತಾಗಿಬಿಡುತ್ತಿತ್ತು. ಆಗ ನನಗೆ ಸಿಟ್ಟು ಬರುತ್ತಿತ್ತು. ಈಗ ಆ ಬಿಸಿ ಎಣ್ಣೆಯ ವಾಸನೆ ನೆನೆದರೆ ಕಣ್ಣು ತುಂಬುತ್ತದೆ.

ಆ ವರ್ಷ ಹೊಸ ಔಷಧವೊಂದನ್ನು ಮಾಡಲು ಶುರು ಮಾಡಿದರು. ಅದು ನೂರ ಅರವತ್ತೆಂಟಕ್ಕೆ ಕರಗಬೇಕಿತ್ತು. ಅಕ್ಕನ ಮೊದಲ ಬ್ಯಾಚು ನೂರ ಅರವತ್ತೊಂದಕ್ಕೇ ಕರಗಿತು. ಎರಡನೆಯದೂ ಅಷ್ಟೇ. ದೊಡ್ಡ ಸಾಹೇಬರು ಲ್ಯಾಬಿಗೇ ಬಂದು, ನಾನು ತಂಗಿ ಎಂದು ಗೊತ್ತಿದ್ದೂ, "ನೆಟ್ಟಗೆ ಒಣಗಿಸೋಕೆ ಬರಲ್ಲ ಅಂದ್ರೆ ಮನೇಲಿರಲಿ. ಮೂರನೇದೂ ಹೀಗೇ ಬಂದ್ರೆ ನಾಳೆಯಿಂದ ಬರೋದು ಬೇಡ" ಎಂದರು. ಅಕ್ಕನಿಗೆ ಅನ್ನ ಇಳಿಯಲಿಲ್ಲ. ಮೂರನೆಯ ಬ್ಯಾಚನ್ನು ಎರಡು ಪಾಳಿ ಡ್ರೈಯರಿನ ಮುಂದೆಯೇ ನಿಂತು ಒಣಗಿಸಿದಳು.

ಅದೂ ನೂರ ಅರವತ್ತೊಂದು. ಕಡ್ಡಿಯಣ್ಣ ರಿಜಿಸ್ಟರಿನಲ್ಲಿ ಬರೆದು ನನ್ನ ಮುಖ ನೋಡದೆ, "ನಿಮ್ಮಕ್ಕ ಅಂತ ಜಾಸ್ತಿ ಬರೆಯೋಕಾಗಲ್ಲಮ್ಮ" ಎಂದು ಊಟಕ್ಕೆ ಎದ್ದುಹೋದರು. ಸಂಜೆ ಸಾಹೇಬರಿಗೆ ವರದಿ ಹೋಗಬೇಕಿತ್ತು.

ನನಗೆ ಅಳು, ಕೋಪ ಎರಡೂ ಒಟ್ಟಿಗೆ ಬಂದವು. ಎಣ್ಣೆ ಇನ್ನೂ ನೂರ ಐವತ್ತೈದರಲ್ಲಿತ್ತು. ಹಟಕ್ಕೆ ಬಿದ್ದು ಅದೇ ಪುಡಿಯನ್ನು ಹೊಸ ಕೊಳವೆಗೆ ತುಂಬಿ, ಬಿಸಿ ಎಣ್ಣೆಗೇ ಅದ್ದಿ, ಉರಿಯನ್ನು ಏರಿಸಿಬಿಟ್ಟೆ. ಅವರು ನೋಡಿದ್ದರೆ ಕೈ ಮುರಿಯುತ್ತಿದ್ದರು! ಪುಡಿ ಕರಗಿದ್ದು ನೂರ ಅರವತ್ತೆಂಟಕ್ಕೆ. ಓಡಿಸಿದ್ದಕ್ಕೆ ಹೀಗಾಯಿತೆಂದುಕೊಂಡೆ. ಆದರೆ ಓಟದ ತಪ್ಪೆಂದರೆ ಒಂದೆರಡು ಡಿಗ್ರಿ, ಏಳು ಡಿಗ್ರಿಯಲ್ಲ. ಕಸದ ಬುಟ್ಟಿಯಿಂದ ಅವರ ಕೊಳವೆಯನ್ನು ಎತ್ತಿ ನನ್ನದರ ಪಕ್ಕ ಹಿಡಿದೆ. ಅವರದು ಕಂದು ಬಣ್ಣ, ನನ್ನದು ತಿಳಿನೀರು.

ಕಡ್ಡಿಯಣ್ಣ ಒಳಗೆ ಬಂದವರೇ ಉರಿ ನೋಡಿ, "ಎಷ್ಟು ಸಲ ಹೇಳಬೇಕು ನಿನಗೆ?" ಎಂದು ಗದರಿದರು.

"ಅಣ್ಣ, ಬೈಯೋದು ಆಮೇಲೆ ಬೈಯಿರಿ. ಇವೆರಡೂ ನೋಡಿ" ಎಂದೆ. "ಈ ಪುಡಿ ಬಿಸಿ ತಾಳಲ್ಲ. ನಿಧಾನಕ್ಕೆ ಕಾಯಿಸಿದ್ರೆ ಕರಗೋಕೆ ಮುಂಚೆ ಒಳಗೊಳಗೇ ಕೆಡುತ್ತೆ. ಕೆಟ್ಟಿದ್ದು ಬೇಗ ಕರಗುತ್ತೆ. ಅಕ್ಕನ ತಪ್ಪಲ್ಲ ಇದು."

"ಅಂದ್ರೆ ನನ್ನ ತಪ್ಪು ಅಂತೀಯ."

ನಾನು ತಲೆ ತಗ್ಗಿಸಿದೆ. ಅವರು ಬೀರು ತೆಗೆದು, ಹೊರಗಿನಿಂದ ತರಿಸಿದ್ದ ಇದೇ ಔಷಧದ ಶುದ್ಧ ಮಾದರಿಯ ಸೀಸೆಯನ್ನು ಹೊರತೆಗೆದರು. ಅದರಲ್ಲಿ ಸಾಸಿವೆಯಷ್ಟು ಪುಡಿಯಿತ್ತು. ಎಣ್ಣೆ ಆರಿದ ಮೇಲೆ ಅದನ್ನು ತಮ್ಮ ಕ್ರಮದಲ್ಲೇ ನಿಮಿಷಕ್ಕೆ ಒಂದು ಡಿಗ್ರಿಯಂತೆ ಕಾಯಿಸಿದರು. ಒಂದೂವರೆ ಗಂಟೆ ಇಬ್ಬರೂ ಕೊಳವೆಗೇ ಕಣ್ಣಿಟ್ಟು ಕೂತೆವು. ನೂರ ಐವತ್ತು ದಾಟಿದ ಮೇಲೆ ಪುಡಿ ಹಳದಿಗೆ ತಿರುಗಿತು, ಆಮೇಲೆ ಕಂದಾಯಿತು. ನೂರ ಅರವತ್ತೊಂದಕ್ಕೆ ಕುಸಿದು ಕರಗಿತು. ಜಗತ್ತಿನಲ್ಲಿ ಯಾರೂ ಬೆರಳು ತೋರಿಸದ ಪುಡಿಯೂ ಅವರ ಮೇಜಿನಲ್ಲಿ ಫೇಲಾಗಿತ್ತು.

"ಇಪ್ಪತ್ತಾರು ವರ್ಷ ಇದನ್ನೇ ಸರಿ ಅಂತ ಮಾಡ್ಕೊಂಡು ಬಂದೆನಲ್ಲೇ" ಎಂದರು ಮೆಲ್ಲಗೆ.

ಮುಂದಿನ ತಿಂಗಳು ಅವರು ಲ್ಯಾಬಿನ ಮುಖ್ಯಸ್ಥರಾಗುವವರಿದ್ದರು. ಅದು ನೆನಪಾಗಿ, "ಥರ್ಮಾಮೀಟರ್ ಕೆಟ್ಟಿತ್ತು ಅಂತ ಬರೆದುಬಿಡಿ ಅಣ್ಣ" ಎಂದೆ.

"ಥರ್ಮಾಮೀಟರ್ ಏನು ಪಾಪ ಮಾಡಿದೆ?" ಎಂದು ಪೆನ್ನು ತೆಗೆದರು. ನಮ್ಮಲ್ಲಿ ತಪ್ಪನ್ನು ಗೀಚಿ ಅಳಿಸುವಂತಿಲ್ಲ. ಹಳೆಯದು ಓದಲು ಬರುವಂತೆ ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಕಾರಣ ಬರೆದು ಸಹಿ ಹಾಕಬೇಕು. ಮೂರು ಬ್ಯಾಚಿಗೂ ಒಂದೊಂದು ಗೆರೆ ಹೊಡೆದರು. ಕಾರಣವನ್ನೂ ಬರೆದು ರಿಜಿಸ್ಟರನ್ನು ನೇರ ಸಾಹೇಬರ ಕೋಣೆಗೆ ಒಯ್ದರು. ಏನು ಬರೆದರೋ ನಾನು ನೋಡಲಿಲ್ಲ. ಕೆಲಸ ಉಳಿದದ್ದು ಅಕ್ಕನದು. ಮುಖ್ಯಸ್ಥನಾದದ್ದು ಬೇರೆ ಯಾರೋ. ಕಡ್ಡಿಯಣ್ಣ ಆ ಮಾತನ್ನು ಕೊನೆಯವರೆಗೂ ಎತ್ತಲಿಲ್ಲ.

ಆ ಸಂಜೆ ಅಕ್ಕ ಬಾಗಿಲಲ್ಲೇ ನನ್ನನ್ನು ತಡೆದು, "ನಿಜ ಹೇಳು, ನನಗೋಸ್ಕರ ಸುಳ್ಳು ಬರೆಸಿದೆಯಾ?" ಎಂದು ಕೇಳಿದಳು. ಇಲ್ಲವೆಂದು ಆಣೆ ಹಾಕಿದೆ, ಎಲ್ಲ ಬಿಡಿಸಿ ಹೇಳಿದೆ. "ಆಯ್ತು ಬಿಡು" ಎಂದಳು. ಆ "ಆಯ್ತು ಬಿಡು" ಇಷ್ಟು ವರ್ಷವೂ ನಮ್ಮ ನಡುವೆ ಕೂತಿತ್ತು. ಯಾರಾದರೂ ಅವಳ ಕೆಲಸ ಹೊಗಳಿದರೆ, "ನಂದೇನಿದೆ, ತಂಗಿ ಪುಣ್ಯ" ಎನ್ನುವಳು. ನನಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು.

ಮನೆಗೆ ಬಂದು ರಿಜಿಸ್ಟರನ್ನು ಅವಳ ಮಡಿಲಿಗಿಟ್ಟು ಆ ಪುಟ ತೆಗೆದೆ. ಅಕ್ಕ ಕನ್ನಡಕ ಏರಿಸಿ, ಬೆರಳಿಟ್ಟು, ಜೋರಾಗಿ ಓದಿದಳು: "ಪುಡಿ ಸರಿಯಾಗಿದೆ. ಒಣಗಿಸಿದ ಕೈ ಬಹಳ ಒಳ್ಳೆಯದು. ತಪ್ಪು ನನ್ನ ನಿಧಾನದ್ದು."

ಮೂರು ಗೆರೆಯ ಪಕ್ಕದಲ್ಲೂ ಅದೇ ಮಾತು, ಅದೇ ಸಹಿ. ಅಕ್ಕ ಮೂರನ್ನೂ ಓದಿದಳು. ಆಮೇಲೆ ಕನ್ನಡಕ ತೆಗೆದು ತನ್ನ ಎರಡೂ ಅಂಗೈಗಳನ್ನು ನೋಡುತ್ತ ಕೂತಳು.

"ಇದನ್ನ ಮುಂಚೇನೇ ಹೇಳೋದಲ್ವೇನೇ?" ಎಂದಳು, ಅಳುತ್ತ.

"ಹೇಳಿದ್ನಲ್ಲಕ್ಕ, ಬಾಯಿ ಒಣಗೋವರೆಗೂ!"

"ನೀನು ಹೇಳಿದ್ದೆ ಕಣೇ. ಅವರು ಹೇಳಿರಲಿಲ್ಲ."